ಹೋದ ಕೂಸಿನ ಲೆಕ್ಕ

ಬಸುರಿ ಹೆಂಗಸರ ತಾಯಿ ಕಾರ್ಡಿನಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ಒಂದು ಸಾಲು ಇರುತ್ತದೆ. ಜಿ, ಪಿ, ಎಲ್, ಎ ಎಂದು ನಾಲ್ಕು ಇಂಗ್ಲಿಷ್ ಅಕ್ಷರ, ಒಂದೊಂದರ ಪಕ್ಕ ಒಂದೊಂದು ಅಂಕಿ. ಎಷ್ಟನೇ ಬಸಿರು, ಹೆರಿಗೆ ಎಷ್ಟಾಗಿವೆ, ಬದುಕಿರುವ ಮಕ್ಕಳೆಷ್ಟು, ಗರ್ಭ ಇಳಿದದ್ದೆಷ್ಟು ಎಂಬ ಲೆಕ್ಕ ಅದು. ನನ್ನ ಅಕ್ಕನ ಮಗಳು ಎರಡನೇ ಸಲ ಬಸಿರಾದಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ತಲೆ ಎತ್ತದೆ ಬರೆದರು: ಜಿ 2, ಪಿ 1, ಎಲ್ 0. ಹೆತ್ತದ್ದು ಒಂದು, ಉಳಿದದ್ದು ಸೊನ್ನೆ. ಆ ಹೊತ್ತಿಗೆ ಮನೆಯಲ್ಲಿ ಆ ಮೊದಲ ಕೂಸು ಚಿನ್ನಿಯ ಮಾತೆತ್ತುವವರೇ ಇರಲಿಲ್ಲ. ತೊಟ್ಟಿಲು ಅಟ್ಟ ಸೇರಿತ್ತು. ಬಟ್ಟೆಬರೆ ಯಾರಿಗೋ ಕೊಟ್ಟಾಗಿತ್ತು. ನೆಂಟರು ಕೇಳಿದರೆ ‘ಇದೇ ಮೊದಲನೇದು’ ಎನ್ನಬೇಕೆಂದು ಹಿರಿಯರು ತೀರ್ಮಾನ ಮಾಡಿದ್ದರು. ಅವಳು ಹುಟ್ಟಿದ್ದಳು, ಬಾಳಿದ್ದಳು ಎಂದು ಬಾಯಿಬಿಟ್ಟು ಹೇಳುತ್ತಿದ್ದದ್ದು ಸರಕಾರದ ಆ ಒಂದು ಅಂಕಿ ಮಾತ್ರ.

ಚಿನ್ನಿ ಎನ್ನುವುದು ಮನೆಯವರು ಕರೆಯುತ್ತಿದ್ದ ಹೆಸರು. ಹಾಸನ ಜಿಲ್ಲೆಯ ತೆಂಗಿನ ಸೀಮೆಯ ಒಂದು ಹಳ್ಳಿ. 2018ರ ಮಳೆಗಾಲದಲ್ಲಿ ಹುಟ್ಟಿದಳು. ತೂಕ ಸರಿಯಾಗಿತ್ತು, ಹುಟ್ಟುತ್ತಲೇ ಅತ್ತಳು, ಮೊಲೆ ಹಿಡಿದಳು. ಏನೋ ಸರಿಯಿಲ್ಲ ಎಂದು ಮೊದಲು ಹೇಳಿದವರು ಡಾಕ್ಟರಲ್ಲ, ಕೂಸಿಗೆ ನೀರು ಹಾಕಲು ಬರುತ್ತಿದ್ದ ಮುದುಕಿ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ನೀಡಿದ ಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ಯುವುದು ಅವಳ ಕಸುಬು. ಊರಿನ ಅರ್ಧ ಜನರ ಮೈ ಅವಳ ಕೈಯಲ್ಲಿ ಹದವಾದದ್ದು. ಎರಡನೇ ತಿಂಗಳು ಕಳೆಯುವ ಹೊತ್ತಿಗೆ ಆಕೆ ಕೈ ನಿಲ್ಲಿಸಿ ಅಂದಳು: “ಬಿಸಿನೀರು ಬಿದ್ರೆ ಕೂಸು ಕಾಲು ಝಾಡುಸ್ಬೇಕು ಕಣವ್ವ. ಇದು ಸುಮ್ನೆ ನೋಡ್ತಾ ಮನಿಕೊಂಡಿರ್ತದಲ್ಲ.” ನಾವೆಲ್ಲ ಅವಳನ್ನು ಗದರಿಸಿದೆವು.

ನೋಡುತ್ತಿದ್ದದ್ದು ನಿಜ. ಚಿನ್ನಿಯನ್ನು ಕಂಡ ಯಾರೂ ಅವಳ ಕಣ್ಣನ್ನು ಮರೆತಿಲ್ಲ. ತೊಡೆಗಳು ಎರಡೂ ಪಕ್ಕಕ್ಕೆ ಬಿದ್ದು ಹಾಸಿಗೆಗೆ ಅಂಟಿಕೊಂಡಿರುತ್ತಿದ್ದವು. ತೋಳು ಮೇಲೇಳುತ್ತಿರಲಿಲ್ಲ, ಬೆರಳು ಮಾತ್ರ ಸಣ್ಣಗೆ ಆಡುತ್ತಿದ್ದವು. ಆದರೆ ಕೋಣೆಯೊಳಗೆ ಯಾರು ಬಂದರು, ಯಾರು ಹೋದರು, ಯಾರ ಕೈಯಲ್ಲಿ ಗಿಲಕಿ ಇದೆ ಎಲ್ಲವೂ ಅವಳಿಗೆ ತಿಳಿಯುತ್ತಿತ್ತು. ಅಪ್ಪ ಬೈಕು ನಿಲ್ಲಿಸಿದ ಸದ್ದಿಗೆ ಮುಖ ಅರಳುತ್ತಿತ್ತು. ಈ ಕಾಯಿಲೆಯ ಕ್ರೌರ್ಯ ಇರುವುದೇ ಇಲ್ಲಿ. ಮೈಯ ಸ್ನಾಯುಗಳು ಒಂದೊಂದಾಗಿ ಸೋಲುತ್ತ ಬಂದರೂ ಮಿದುಳಿಗೆ ಏನೂ ಆಗುವುದಿಲ್ಲ. ನಗು ಕೊನೆಯವರೆಗೆ ಇರುತ್ತದೆ.

ಹತ್ತಿರದ ಊರಿನ ವೈದ್ಯರೊಬ್ಬರು ‘ಬೆಳವಣಿಗೆ ಸ್ವಲ್ಪ ನಿಧಾನ, ಸರಿಹೋಗುತ್ತೆ’ ಎಂದು ಟಾನಿಕ್ ಬರೆದುಕೊಟ್ಟರು. ಅದನ್ನು ನಂಬಲು ನಮಗೂ ಇಷ್ಟವಿತ್ತು. ಬೆಂಗಳೂರಿಗೆ ಕರೆತಂದಾಗ ಅಲ್ಲಿನ ಡಾಕ್ಟರು ಹೆಚ್ಚು ಮಾತಾಡದೆ ಬಹಳ ಹೊತ್ತು ಕೂಸಿನ ನಾಲಿಗೆಯನ್ನೇ ನೋಡಿದರು. ಬಾಯಿ ತೆರೆದು ಸುಮ್ಮನಿದ್ದಾಗಲೂ ನಾಲಿಗೆ ಸಣ್ಣಗೆ ಅದುರುತ್ತಿತ್ತು. ಆಮೇಲೆ ಉಸಿರಾಟ ನೋಡಿದರು: ಉಸಿರೆಳೆದಾಗ ಹೊಟ್ಟೆ ಉಬ್ಬುತ್ತಿತ್ತು, ಎದೆ ಮಾತ್ರ ಒಳಕ್ಕೆ ಕುಸಿಯುತ್ತಿತ್ತು. ಮಂಡಿಯ ಮೇಲೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು, ಕಾಲು ಚಿಮ್ಮಲಿಲ್ಲ. ನೇರಳೆ ಮುಚ್ಚಳದ ಸಣ್ಣ ಟ್ಯೂಬಿಗೆ ರಕ್ತ ತೆಗೆದುಕೊಂಡು ಕಳುಹಿಸಿದರು. ವರದಿಯಲ್ಲಿ ಬಂದ ಹೆಸರು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಟೈಪ್ 1. ಚಿಕ್ಕದಾಗಿ ಎಸ್‌ಎಂಎ.

ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ‘ಅಲುಗಾಡು’ ಎಂದು ಅಪ್ಪಣೆ ಕೊಡುವ ನರಕೋಶಗಳಿವೆ. ಅವು ಜೀವಂತವಾಗಿರಲು ಒಂದು ಪ್ರೋಟೀನ್ ಬೇಕು. ಆ ಪ್ರೋಟೀನ್ ತಯಾರಿಸುವ ಎಸ್‌ಎಂಎನ್1 ಎಂಬ ವಂಶವಾಹಿ ಐದನೇ ವರ್ಣತಂತುವಿನ ಮೇಲಿದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬರುತ್ತದೆ. ಒಂದು ಕೆಟ್ಟಿದ್ದರೂ ಇನ್ನೊಂದು ಮನೆ ನಡೆಸುತ್ತದೆ. ಅಂಥವರಿಗೆ ತಮ್ಮೊಳಗೆ ದೋಷವಿದೆ ಎಂಬುದು ಆಯುಷ್ಯಪೂರ್ತಿ ಗೊತ್ತಾಗುವುದಿಲ್ಲ. ಇವರಿಗೆ ವಾಹಕರು ಎನ್ನುತ್ತಾರೆ. 40–50 ಜನರಲ್ಲಿ ಒಬ್ಬರು ವಾಹಕರಿರುತ್ತಾರೆ ಎಂದರೆ ಈ ಲೇಖನ ಓದುತ್ತಿರುವವರಲ್ಲೂ ಹಲವರು ಇದ್ದೀರಿ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ ತೊಂದರೆ: ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕೂಸಿಗೆ ಎರಡೂ ಕೆಟ್ಟ ಪ್ರತಿಗಳೇ ಸಿಗುವ ಸಾಧ್ಯತೆ. ಟೈಪ್ 1ರಲ್ಲಿ ಆರು ತಿಂಗಳೊಳಗೆ ಲಕ್ಷಣ ಕಾಣುತ್ತದೆ, ಕೂಸು ತಾನಾಗಿ ಎಂದೂ ಕೂರುವುದಿಲ್ಲ, ಔಷಧ ಸಿಗದಿದ್ದರೆ ಹೆಚ್ಚಿನವು ಎರಡನೇ ಹುಟ್ಟುಹಬ್ಬ ಕಾಣುವುದಿಲ್ಲ.

ವೈದ್ಯರ ಪುಸ್ತಕಕ್ಕೆ ಈ ಕಾಯಿಲೆ ಸೇರಿದ್ದು 1891ರಲ್ಲಿ. ಆಸ್ಟ್ರಿಯಾದ ಗೈಡೋ ವೆರ್ಡ್ನಿಗ್ ಎಂಬ ವೈದ್ಯ ಒಂದೇ ಮನೆಯ ಇಬ್ಬರು ಎಳೆಯ ಅಣ್ಣತಮ್ಮಂದಿರ ಕಥೆ ಬರೆದ. ಎರಡು ವರ್ಷದ ಮೇಲೆ ಜರ್ಮನಿಯ ಯೋಹಾನ್ ಹಾಫ್‌ಮನ್ ಇಂಥದ್ದೇ ಬೇರೆ ಕುಟುಂಬಗಳ ಮಕ್ಕಳನ್ನು ವಿವರಿಸಿದ. ಒಂಟಿ ಕೂಸೊಂದು ಹೀಗೆ ಹೋಗಿದ್ದರೆ ಯಾರೂ ಬರೆಯುತ್ತಿರಲಿಲ್ಲವೇನೋ. ಒಂದೇ ಮನೆಯಲ್ಲಿ ಎರಡು ಮಕ್ಕಳಿಗೆ ಹೀಗಾಯಿತು ಎಂದು ನೆನಪಿಟ್ಟವರು ಇದ್ದದ್ದರಿಂದಲೇ ಇದು ವಂಶದಲ್ಲಿ ಬರುವ ಕಾಯಿಲೆ ಎಂದು ತಿಳಿಯಿತು. ವಂಶವಾಹಿ ಸಿಕ್ಕಿದ್ದು ಅದಾಗಿ ನೂರು ವರ್ಷ ಕಳೆದ ಮೇಲೆ, 1995ರಲ್ಲಿ, ಪ್ಯಾರಿಸ್ಸಿನ ಜೂಡಿತ್ ಮೆಲ್ಕಿ ಅವರ ತಂಡಕ್ಕೆ.

ನಮ್ಮ ಮನೆಯ ನೆನಪಿನ ಕಥೆ ಶುರುವಾಗುವುದೂ ಇಲ್ಲಿಂದಲೇ.

ವರದಿ ಬಂದ ಮೇಲೆ ಆಪ್ತಸಮಾಲೋಚಕಿಯೊಬ್ಬರು ಅಪ್ಪ ಅಮ್ಮನನ್ನೂ ಜೊತೆಗಿದ್ದ ನಮ್ಮನ್ನೂ ಕೂರಿಸಿಕೊಂಡು ಬಿಳಿ ಹಾಳೆಯ ಮೇಲೆ ವಂಶವೃಕ್ಷ ಬರೆದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ದಂಪತಿಗಳ ನಡುವೆ ಒಂದು ಗೆರೆ. ಸಂಬಂಧದೊಳಗೆ ಮದುವೆಯಾಗಿದ್ದರೆ ಜೋಡಿಗೆರೆ. ಕಾಯಿಲೆ ಇದ್ದವರ ಗುರುತಿನೊಳಗೆ ಮಸಿ ತುಂಬುತ್ತಾರೆ. ತೀರಿಕೊಂಡವರ ಗುರುತಿನ ಮೇಲೆ ಓರೆಯಾಗಿ ಒಂದು ಗೀಟು. ನನ್ನ ಅಕ್ಕನ ಮಗಳು ಕೈಹಿಡಿದಿದ್ದು ತನ್ನ ಸೋದರತ್ತೆಯ ಮಗನನ್ನು. ಹಾಗಾಗಿ ಅವರಿಬ್ಬರ ನಡುವೆ ಜೋಡಿಗೆರೆ ಬಂತು. ಅವರಿಬ್ಬರಿಗೂ ಅಜ್ಜಿಯಾದ ಹಿರಿಯಾಕೆ ತನ್ನ ಸೋದರಮಾವನನ್ನೇ ಮದುವೆಯಾಗಿದ್ದಾಕೆ. ಅಲ್ಲೂ ಜೋಡಿಗೆರೆ. “ನಿಮ್ಮ ಮನೆತನದಲ್ಲಿ ಹಿಂದೆ ಎಳೆಗೂಸು ಏನಾದರೂ ತೀರಿಕೊಂಡಿದ್ದುಂಟಾ?” ಎಂದು ಆಕೆ ಎರಡು ಸಲ ಕೇಳಿದರು. ಎಲ್ಲರೂ ಒಟ್ಟಿಗೆ ಇಲ್ಲ ಎಂದೆವು. ಹೇಳಿದ್ದು ಸುಳ್ಳು ಅಂತಲ್ಲ. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಚಿನ್ನಿ ಹತ್ತನೇ ತಿಂಗಳಿಗೆ ಕಾಲಿಡಲಿಲ್ಲ. ಕೊನೆಕೊನೆಗೆ ಮೂಗಿನ ಕೊಳವೆಯಲ್ಲಿ ಹಾಲು, ಗಂಟಲಲ್ಲಿ ಕಟ್ಟುವ ಕಫ ಎಳೆಯಲು ಗುರ್ರೆನ್ನುವ ಸಕ್ಷನ್ ಯಂತ್ರ, ಕರೆಂಟು ಹೋದರೆ ಎಂಬ ಹೆದರಿಕೆಗೆ ಪಕ್ಕದ ಮನೆಯಿಂದ ತಂದ ಯುಪಿಎಸ್. ವೆಂಟಿಲೇಟರ್ ಬೇಡ, ಕೂಸು ಮನೆಯಲ್ಲೇ ಇರಲಿ ಎಂದು ಅಪ್ಪ ಅಮ್ಮ ಇಬ್ಬರೂ ಕೂತು ನಿರ್ಧಾರ ಮಾಡಿದ್ದರು. ಆ ನಿರ್ಧಾರಕ್ಕೆ ಬೇಕಾಗುವ ಎದೆಗಾರಿಕೆ ಎಂಥದ್ದು ಎಂದು ನಮ್ಮ ನೆಂಟರಿಷ್ಟರಲ್ಲಿ ಬಹಳ ಮಂದಿಗೆ ಈಗಲೂ ಅರ್ಥವಾಗಿಲ್ಲ. ‘ದುಡ್ಡು ಉಳಿಸಿದರು’ ಎಂದು ಆಡಿಕೊಂಡವರೂ ಇದ್ದಾರೆ.

ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದ ಸಂಜೆ ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ಎಂಬತ್ತು ದಾಟಿದ ಜೀವ, ಎಲೆಯಡಿಕೆ ಚೀಲ ಬಿಚ್ಚಿದವಳು ಹಾಗೇ ಕಟ್ಟಿಟ್ಟು ಹೇಳಿದಳು: “ನನ್ ಎರಡನೇದೂ ಹಿಂಗೇ ಇತ್ತು. ನಾಕನೇದೂ ಅಂಗೇ. ಮೆತ್ತಗೆ. ಅತ್ರೆ ಬೆಕ್ಕಿನ ಮರಿ ಕೂಗ್ದಂಗೆ. ಬಾಲಗ್ರಹ ಅಂದ್ರು, ಯಂತ್ರ ಕಟ್ಟುಸ್ದೊ. ಒಂದು ಆರು ತಿಂಗಳಿಗೆ ಹೋಯ್ತು, ಇನ್ನೊಂದು ಆಲೂರು ಜಾತ್ರೆ ಹೊತ್ತಿಗೆ ಹೋಯ್ತು.” ನಾವು ಬಾಯಿ ಕಟ್ಟಿದವರಂತೆ ಕೂತೆವು. ಅವಳ ಮಗ, ಅಂದರೆ ನನ್ನ ಭಾವ, ಅರವತ್ತು ಮುಟ್ಟಿದ ಗಂಡಸು, ತನಗೆ ಇನ್ನಿಬ್ಬರು ಸೋದರರಿದ್ದರು ಎಂದು ಕೇಳಿದ್ದು ಅದೇ ಮೊದಲು. “ಇಷ್ಟು ದಿನ ಯಾಕವ್ವ ಹೇಳ್ಲಿಲ್ಲ?” ಎಂದ. “ಯಾರ್ ಕೇಳಿದ್ರಪ್ಪ?” ಎಂದಳು. ಒಂದು ಕೂಸನ್ನು ಹುಣಸೆಮರದ ಬುಡದಲ್ಲಿ, ಇನ್ನೊಂದನ್ನು ಕೆರೆ ಏರಿಯ ಆಚೆ ಮಣ್ಣು ಮಾಡಿದ್ದು ಅವಳಿಗೆ ಜಾಗದ ಸಮೇತ ನೆನಪಿತ್ತು. ಆಗ ಅವಳನ್ನು ಅಲ್ಲಿಗೆ ಕರೆದೊಯ್ದಿರಲಿಲ್ಲ; ಗಂಡಸರು ಬಂದು ಆಡಿಕೊಂಡಿದ್ದನ್ನು ಕೇಳಿ ಗುರುತು ಇಟ್ಟುಕೊಂಡಿದ್ದಳು.

ಆ ಎರಡು ಕೂಸುಗಳಿಗೂ ಎಸ್‌ಎಂಎ ಇತ್ತೆಂದು ಈಗ ಯಾರೂ ಪ್ರಮಾಣ ಮಾಡಲಾರರು. ರಕ್ತವಿಲ್ಲ, ವರದಿಯಿಲ್ಲ. ಆದರೆ ಸಮಾಲೋಚಕಿಯ ಹಾಳೆಗೆ ಆಮೇಲೆ ಎರಡು ಚೌಕ ಸೇರಿದಾಗ, ಅವುಗಳ ಮೇಲೆ ಓರೆಗೀಟು ಬಿದ್ದಾಗ, ಎಲ್ಲವೂ ಕೂಡಿಬಂತು. ಅಜ್ಜ ಅಜ್ಜಿ ಇಬ್ಬರೂ ವಾಹಕರಾಗಿದ್ದಿರಬೇಕು. ಅವರ ಉಳಿದ ಮಕ್ಕಳಲ್ಲಿ ಮಗನೊಬ್ಬ, ಮಗಳೊಬ್ಬಳು ಅದನ್ನು ಹೊತ್ತು ತಂದರು. ಮಗನ ಮಗಳಿಗೂ ಮಗಳ ಮಗನಿಗೂ ಅದು ಇಳಿಯಿತು. ಅವರಿಬ್ಬರಿಗೂ ಮದುವೆ ಮಾಡಿದೆವು. ಅರವತ್ತು ವರ್ಷದ ಹಿಂದಿನ ಎರಡು ಸಾವು ಯಾರ ಬಾಯಲ್ಲಾದರೂ ಉಳಿದಿದ್ದರೆ ಮೊದಲ ವೈದ್ಯರು ಟಾನಿಕ್ ಬರೆಯುವ ಮುನ್ನ ಒಂದು ಗಳಿಗೆ ತಡೆಯುತ್ತಿದ್ದರೋ ಏನೋ. ಮದುವೆಯ ಮಾತು ನಡೆಯುವಾಗಲೇ ಯಾರಾದರೂ ರಕ್ತ ಪರೀಕ್ಷೆಯ ಮಾತೆತ್ತುತ್ತಿದ್ದರೋ ಏನೋ.

ಸೋದರ ಸಂಬಂಧದ ಮದುವೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಲೆಕ್ಕದಲ್ಲಿ ಕರ್ನಾಟಕದ ಸುಮಾರು ಕಾಲು ಭಾಗ ಮದುವೆಗಳು ರಕ್ತಸಂಬಂಧದೊಳಗೇ ಆಗುತ್ತವೆ. ಈ ವಿಷಯದಲ್ಲಿ ತಮಿಳುನಾಡೂ ನಾವೂ ಜೊತೆಜೊತೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಕರ್ನಾಟಕದ 1 ಲಕ್ಷ 12 ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿ ಅಮೈನೋ ಆಮ್ಲದ ಆನುವಂಶಿಕ ದೋಷಗಳನ್ನು ಹುಡುಕಿದ್ದರು. ದೇಶದಲ್ಲಿ ಇಂಥ ಕೆಲಸ ಮೊದಲು ನಡೆದ ಜಾಗಗಳಲ್ಲಿ ನಮ್ಮದೂ ಒಂದು. ಅಷ್ಟು ಮುಂಚೆ ಶುರುಮಾಡಿದವರು ಇವತ್ತಿಗೂ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿ ಹಿಮ್ಮಡಿಯ ನಾಲ್ಕು ಹನಿ ರಕ್ತ ಪರೀಕ್ಷಿಸುವ ಪದ್ಧತಿ ತಂದಿಲ್ಲ ಎನ್ನುವುದು ನಾಚಿಕೆಯ ವಿಷಯ.

ಹಾಗೆಂದು ಸೋದರಮಾವನ ಮೇಲೆ ಎಲ್ಲ ತಪ್ಪು ಹೊರಿಸುವುದೂ ಬೇಡ. ಸಂಬಂಧದೊಳಗೆ ಮದುವೆಯಾದ ಬಹುಪಾಲು ಜನರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಎಸ್‌ಎಂಎ ವಾಹಕರು ಇಷ್ಟೊಂದು ಮಂದಿ ಇರುವುದರಿಂದ, ಒಬ್ಬರಿಗೊಬ್ಬರು ಏನೂ ಆಗದ, ಜಾತಿ ಊರು ಎರಡೂ ಬೇರೆಯಾದ ದಂಪತಿಗಳಿಗೂ ಇಂಥ ಕೂಸು ಹುಟ್ಟುತ್ತದೆ. ಆ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಪಕ್ಕ ಕೂತಿದ್ದದ್ದು ಪ್ರೀತಿಸಿ ಮದುವೆಯಾದ, ಒಬ್ಬರು ಬೀದರಿನ, ಇನ್ನೊಬ್ಬರು ಮಂಗಳೂರಿನ ಜೋಡಿ. ಬೈಗುಳ ಮಾತ್ರ ಎರಡೂ ಕಡೆ ಹೆಣ್ಣಿಗೇ ಬಿದ್ದಿತ್ತು. ಅರ್ಧ ಪಾಲು ಗಂಡನಿಂದ ಬಂದಿದ್ದರೇ ಈ ಕಾಯಿಲೆ ಬರುವುದು ಎಂದು ಆ ಹಾಳೆಯ ಮೇಲೆ ಬರೆದು ತೋರಿಸಿದರೂ ಅತ್ತೆಯರ ತಲೆಗೆ ಹೋಗುವುದು ಕಷ್ಟ.

ನಾವು ಯಾಕೆ ಹೀಗೆ ಮರೆಯುತ್ತೇವೆ? ಕಲ್ಲುಮನಸ್ಸಿನವರು ಎಂದು ಅಲ್ಲ. ಅಜ್ಜಿಯ ಕಾಲದಲ್ಲಿ ಕೂಸು ಸಾಯುವುದು ಅಷ್ಟು ಸಾಮಾನ್ಯವಾಗಿತ್ತು. 1951ರ ಸುಮಾರಿಗೆ ಈ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 146 ಮೊದಲ ವರ್ಷ ದಾಟುತ್ತಿರಲಿಲ್ಲ. ಭೇದಿ, ನ್ಯುಮೋನಿಯಾ, ನಂಜುಗಳ ಗುಂಪಿನಲ್ಲಿ ಮೆತ್ತನೆಯ ಎರಡು ಕೂಸು ಬೇರೆಯಾಗಿ ಕಾಣುವುದಾದರೂ ಹೇಗೆ? ಎಲ್ಲಕ್ಕೂ ಬಾಲಗ್ರಹ ಎಂಬ ಒಂದೇ ಹೆಸರು. ಎಲ್ಲರಿಗೂ ಕೂತು ಅತ್ತರೆ ಹೊಲದ ಕೆಲಸ ಮಾಡುವವರು ಯಾರು? ಹಾಗಾಗಿ ಶಾಸ್ತ್ರವೂ ಲೋಕವೂ ಸೇರಿ ಒಂದು ಏರ್ಪಾಟು ಮಾಡಿಕೊಂಡವು: ಎರಡು ವರ್ಷದೊಳಗಿನ ಕೂಸನ್ನು ಸುಡುವುದಿಲ್ಲ, ಹೂಳುವುದು, ವರ್ಷದ ತಿಥಿಯಿಲ್ಲ, ಪಿಂಡವಿಲ್ಲ, ತಾಯಿಗೆ ‘ಋಣ ಇಷ್ಟೇ ಇತ್ತು, ಹೊಟ್ಟೆ ತಣ್ಣಗಿರಲಿ, ಇನ್ನೊಂದಾಗುತ್ತೆ’ ಎಂದು ಹೇಳಿ ಸೆರಗಿನಿಂದ ಕಣ್ಣೊರೆಸುವುದು. ಆ ಕಾಲಕ್ಕೆ ಅದು ದಯೆಯೇ ಇದ್ದೀತು. 2020ರ ಹೊತ್ತಿಗೆ ಕರ್ನಾಟಕದಲ್ಲಿ ಆ ಸಂಖ್ಯೆ ಸಾವಿರಕ್ಕೆ 19ಕ್ಕೆ ಇಳಿದಿತ್ತು. ಲಸಿಕೆ, ಓಆರ್‌ಎಸ್, ಆಸ್ಪತ್ರೆ ಹೆರಿಗೆಗಳು ಉಳಿಸಬಹುದಾದವರನ್ನು ಉಳಿಸುತ್ತಿರುವಾಗ, ಉಳಿದ ಸಾವುಗಳಲ್ಲಿ ಹುಟ್ಟಿನಿಂದಲೇ ಬಂದ, ವಂಶದಿಂದ ಬಂದ ಕಾಯಿಲೆಗಳ ಪಾಲು ದೊಡ್ಡದಾಗುತ್ತದೆ. ಕಾಲ ಬದಲಾಯಿತು, ಮರೆಯುವ ಏರ್ಪಾಟು ಮಾತ್ರ ಹಾಗೆಯೇ ಉಳಿಯಿತು.

ಮನಸ್ಸಿಗೆ ಮರೆ ಎಂದು ಹೇಳಬಹುದು, ಮೈಗೆ ಯಾರು ಹೇಳುತ್ತಾರೆ? ಚಿನ್ನಿ ಹೋದ ಮರುದಿನದಿಂದ ಅವಳ ತಾಯಿಗೆ ಎದೆ ಕಟ್ಟಿಕೊಂಡಿತು. ಕೊಳವೆಯಲ್ಲಿ ಕೊಡಲೆಂದು ಹೊತ್ತುಹೊತ್ತಿಗೆ ಹಿಂಡುತ್ತಿದ್ದ ಹಾಲು, ಕೂಸಿಲ್ಲ ಎಂದು ಅದಕ್ಕೆ ಗೊತ್ತಿಲ್ಲ. ರವಿಕೆ ತೊಯ್ದು ಜ್ವರ ಬಂತು. ನಮ್ಮ ಅಕ್ಕ ಯಾರನ್ನೂ ಕೇಳದೆ ಚನ್ನರಾಯಪಟ್ಟಣದ ಸಂತೆಯಿಂದ ಬಿಡಿಮಲ್ಲಿಗೆ ತರಿಸಿ, ದಾರದಲ್ಲಿ ಪೋಣಿಸಿ, ಮಗಳ ಎದೆಯ ಮೇಲೆ ಹರಡಿ ಬಟ್ಟೆ ಕಟ್ಟಿದಳು. ಹಾಲು ಬತ್ತಿಸಲು ಮಲ್ಲಿಗೆ ಕಟ್ಟುವುದು ದಕ್ಷಿಣದ ಹಳೆಯ ಮದ್ದು. ಇದು ಬರೀ ನಂಬಿಕೆಯೇ ಎಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಪರೀಕ್ಷೆ ಮಾಡಿ ನೋಡಿ, 1988ರಲ್ಲಿ ಪ್ರಕಟಿಸಿದರು: ಹಾಲು ನಿಲ್ಲಿಸಲು ಕೊಡುತ್ತಿದ್ದ ಬ್ರೋಮೋಕ್ರಿಪ್ಟಿನ್ ಮಾತ್ರೆಯಷ್ಟೇ ಮಲ್ಲಿಗೆಯೂ ಕೆಲಸ ಮಾಡುತ್ತದೆ ಎಂದು. ಹೂವು ಕೆಲಸ ಮಾಡಿತು. ಆದರೆ ಅವಳು ಈಗಲೂ ತಲೆಗೆ ಮಲ್ಲಿಗೆ ಮುಡಿಯುವುದಿಲ್ಲ. ಕನಕಾಂಬರ ಆದರೆ ಆಗುತ್ತದೆ. ಮದುವೆಮನೆಗಳಲ್ಲಿ ಒತ್ತಾಯ ಮಾಡುವ ಮುತ್ತೈದೆಯರಿಗೆ ಕಾರಣ ಗೊತ್ತಿಲ್ಲ.

ಅಪ್ಪನ ಬಗ್ಗೆಯೂ ಒಂದು ಮಾತು. ಕೂಸನ್ನು ಎರಡು ಕೈಯಲ್ಲಿ ಹೊತ್ತು ತೋಟದ ಮೂಲೆಗೆ ನಡೆದವನು ಅವನೇ. ಗುಂಡಿಗೆ ಕಲ್ಲು ಹೇರಿ, ನಾಯಿ ನರಿ ಕೆದಕದಂತೆ ಮುಳ್ಳು ಹಾಕಿ ಬಂದವನು ಮರುವಾರ ಕೆಲಸಕ್ಕೆ ಹೋದ. ಹೇಗಿದ್ದೀಯಾ ಎಂದು ಅವನನ್ನು ಕೇಳಿದವರು ಯಾರೂ ಇಲ್ಲ; ಎಲ್ಲರೂ ಕೇಳಿದ್ದು ‘ನಿನ್ನ ಹೆಂಡ್ತಿ ಹೆಂಗವಳೆ?’ ಬೇಂದ್ರೆಯವರು ತಮ್ಮ ಕೂಸು ಕಳೆದುಕೊಂಡಾಗ ಹೆಂಡತಿಯ ನೋಟ ಎದುರಿಸಲಾರದ ಗಂಡನ ಮಾತನ್ನೇ ಕವಿತೆ ಮಾಡಿದರು. ಆ ಹಾಡನ್ನು ಕೇಳಿ ಕಣ್ಣೊರೆಸಿಕೊಳ್ಳುವ ಕನ್ನಡದ ಗಂಡಸರು ಲಕ್ಷಾಂತರ ಇದ್ದಾರೆ. ಹಾಗೆ ಬಾಯಿಬಿಟ್ಟು ಮಾತಾಡಿದವರನ್ನು ನಾನು ನನ್ನ ಬಂಧುಬಳಗದಲ್ಲಿ ಕಂಡಿಲ್ಲ.

ಅವನು ಮಾತಾಡಿದ್ದು ಒಂದು ಕಚೇರಿಯ ಕಿಟಕಿಯಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಕೂಸು ಎಷ್ಟೇ ಎಳೆಯದಾದರೂ ಅದರ ಸಾವನ್ನು 21 ದಿನದೊಳಗೆ ಬರೆಸಬೇಕು. ಮನೆಯಲ್ಲಿ ಆದ ಸಾವಾದರೆ ಮನೆಯವರೇ ಹೋಗಿ ತಿಳಿಸಬೇಕು. ಇವನು ಹೋದಾಗ ಅಲ್ಲಿದ್ದವರು “ಎಳೇ ಕೂಸಿಂದು ಮರಣಪತ್ರ ಯಾಕ್ರೀ, ಆಸ್ತಿಪಾಸ್ತಿ ಏನಾದ್ರೂ ಐತಾ?” ಎಂದು ಕೇಳಿದರಂತೆ. “ಅವಳ ಹೆಸರು ಐತೆ” ಎಂದನಂತೆ. ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿಯಿತ್ತು; ನಾಮಕರಣಕ್ಕೆ ಮುಂಚೆ ಆಸ್ಪತ್ರೆಯವರು ಬರೆಸಿದ್ದರಲ್ಲ. ಹುಟ್ಟಿದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು ಎಂದು ಅವನೇ ವಿಚಾರಿಸಿಕೊಂಡು ಬಂದಿದ್ದ. ಮೊದಲು ಹೆಸರು ಸೇರಿಸಿ, ಆಮೇಲೆ ಆ ಹೆಸರಿನಲ್ಲೇ ಮರಣಪತ್ರ ತಂದ. ಎರಡೂ ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿ ಇಟ್ಟಿದ್ದಾನೆ. ಮನೆಯ ಹಿರಿಯರಿಗೆ ಅದು ಅಪಶಕುನ. ನನ್ನ ಮಟ್ಟಿಗೆ ಆ ಮನೆಯಲ್ಲಿ ಆ ವರ್ಷ ನಡೆದ ಅತ್ಯಂತ ವಿವೇಕದ ಕೆಲಸ ಅದು.

ಅಜ್ಜಿಯ ಬಾಯಿ ತೆರೆದ ಮೇಲೆ ಮನೆ ಸ್ವಲ್ಪ ಬದಲಾಯಿತು. ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಬಟ್ಟೆ, ಒಬ್ಬಟ್ಟು, ಹೋದವರಿಗೆ ಇಷ್ಟವಾದ ಬೀಡಿ, ಎಲೆಯಡಿಕೆ ಎಲ್ಲವನ್ನೂ ಇಟ್ಟು ಬಾಗಿಲು ಮುಂದೆ ಮಾಡಿ ಕಾಯುವುದು. ಆ ವರ್ಷ ಅಜ್ಜಿ ಮೂರು ಸಣ್ಣ ಲೋಟದಲ್ಲಿ ಹಾಲು ಇಡಿಸಿದಳು. ಭಾವನ ಚಿಕ್ಕಪ್ಪನೊಬ್ಬರು “ಹಿರೇರ ಹಬ್ಬದಾಗೆ ಕಿರೇರಿಗೇನು ಎಡೆ?” ಎಂದು ತಕರಾರು ತೆಗೆದರು. ಅಜ್ಜಿ ಸಲೀಸಾಗಿ ಉತ್ತರ ಕೊಟ್ಟಳು: “ನನಗಿಂತ ಮುಂಚೆ ಹೋದೋರು, ಹಿರೇರೇ ಆದ್ರು ಬಿಡು.” ಶಾಸ್ತ್ರಿಗಳೇನಾದರೂ ಇದಕ್ಕೆ ಆಕ್ಷೇಪ ಹೇಳಿದರೆ ಅವರನ್ನು ಅಜ್ಜಿಯ ಹತ್ತಿರವೇ ಕಳಿಸಬೇಕು.

ಬೇರೆ ದೇಶಗಳಲ್ಲಿ ಇದಕ್ಕೆಂದೇ ಏರ್ಪಾಟುಗಳಿವೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 1982ರಲ್ಲಿ ಹೆಲೆನ್ ಹೌಸ್ ಎಂಬ, ಮಕ್ಕಳಿಗಾಗಿಯೇ ಇರುವ ಮೊದಲ ಹಾಸ್ಪೈಸ್ ಶುರುವಾಯಿತು. ವಾಸಿಯಾಗದ ಕಾಯಿಲೆಯ ಮಕ್ಕಳು ಅಪ್ಪ ಅಮ್ಮನ ಜೊತೆ ಅಲ್ಲಿ ಇದ್ದು ಹೋಗಬಹುದು, ಕೊನೆಗಾಲವನ್ನೂ ಅಲ್ಲೇ ಕಳೆಯಬಹುದು. ಅಲ್ಲಿನ ಆಸ್ಪತ್ರೆಗಳಲ್ಲಿ ಕೂಸಿನ ಅಂಗಾಲಿನ ಗುರುತು, ಕೂದಲಿನ ಎಳೆ, ಕೈಗೆ ಕಟ್ಟಿದ್ದ ಹೆಸರಿನ ಪಟ್ಟಿ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು ತಾಯಿಗೆ ಕೊಡುತ್ತಾರೆ. ಅಮೆರಿಕದಲ್ಲಿ 1988ರಿಂದ ಅಕ್ಟೋಬರ್ ತಿಂಗಳನ್ನು ಹೀಗೆ ಹೋದ ಕೂಸುಗಳಿಗೆ ಮೀಸಲಿಟ್ಟಿದ್ದಾರೆ. ನಮ್ಮಲ್ಲಿ ಪೆಟ್ಟಿಗೆ ಬೇಕಿಲ್ಲ. ಫೋನಿನಲ್ಲಿದ್ದ ಚಿನ್ನಿಯ ಫೋಟೋಗಳನ್ನು ‘ಅವಳು ನೋಡಿ ಅಳ್ತಾಳೆ’ ಎಂದು ಮನೆಯವರು ಅಳಿಸಿಹಾಕದೆ ಬಿಟ್ಟಿದ್ದರೆ ಸಾಕಿತ್ತು. ಉಳಿದದ್ದು ನನ್ನ ಫೋನಿನಲ್ಲಿದ್ದ ಕೆಲವು ಚಿತ್ರ, ನಗುತ್ತಿರುವ ಒಂದು ಸಣ್ಣ ವಿಡಿಯೋ. “ಚಿಕ್ಕಮ್ಮ, ಅದು ಇನ್ನೂ ಇದೆಯಾ?” ಎಂದು ಅವಳು ಆಗಾಗ ಕೇಳುತ್ತಾಳೆ, ಕಳಿಸು ಎನ್ನುವುದಿಲ್ಲ, ಇದೆ ಎಂದು ತಿಳಿದುಕೊಂಡರೆ ಸಮಾಧಾನ.

ಈಗ ಔಷಧದ ಕಥೆ. ಚಿನ್ನಿ ಬದುಕಿದ್ದಾಗಲೇ ಲೋಕದಲ್ಲಿ ಇದಕ್ಕೆ ಒಂದು ಔಷಧವಿತ್ತು. ಬೆನ್ನುಹುರಿಯ ದ್ರವಕ್ಕೆ ಚುಚ್ಚಿ ಕೊಡುವ ನುಸಿನರ್ಸೆನ್ 2016ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮಂಜೂರಾಗಿತ್ತು. ಅವಳು ಹೋದ ವರ್ಷವೇ, 2019ರ ಮೇ ತಿಂಗಳಲ್ಲಿ, ಒಂದೇ ಸಲ ಕೊಡುವ ಜೀನ್ ಚಿಕಿತ್ಸೆ ಝೋಲ್‌ಜೆನ್ಸ್ಮಾ ಬಂತು; ಬೆಲೆ 21 ಲಕ್ಷದ 25 ಸಾವಿರ ಡಾಲರ್. ಪತ್ರಿಕೆಗಳಲ್ಲಿ ‘16 ಕೋಟಿಯ ಇಂಜೆಕ್ಷನ್’ ಎಂದು ಬಂದದ್ದು ಇದೇ. 2020ರಲ್ಲಿ ಬಾಯಿಗೆ ಹಾಕುವ ರಿಸ್ಡಿಪ್ಲಾಮ್ ಬಂತು. ಭಾರತದಲ್ಲಿ ಅದರ ಒಂದು ಬಾಟಲಿಗೆ ಸುಮಾರು 6.2 ಲಕ್ಷ ರೂಪಾಯಿ ಇತ್ತು. ಇಪ್ಪತ್ತು ಕಿಲೋ ದಾಟಿದ ಮಗುವಿಗೆ ದಿನಕ್ಕೆ 5 ಮಿಲಿಗ್ರಾಂ. 60 ಮಿಲಿಗ್ರಾಮಿನ ಬಾಟಲಿ 12 ದಿನಕ್ಕೆ ಖಾಲಿ. ವರ್ಷಕ್ಕೆ 30 ಬಾಟಲಿ. ಗುಣಿಸಿ ನೋಡಿ. ಕೇಂದ್ರ ಸರಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಸಿಗುವ ನೆರವನ್ನು 2022ರಲ್ಲಿ 50 ಲಕ್ಷಕ್ಕೆ ಏರಿಸಿದರೂ ಅದು ಒಂದು ಮಗುವಿಗೆ ನಾಲ್ಕು ತಿಂಗಳು ಬರುತ್ತಿರಲಿಲ್ಲ. ಪಕ್ಕದ ಕೇರಳ ತಾನೇ ಮುಂದಾಗಿ ಈ ಔಷಧವನ್ನು ಮಕ್ಕಳಿಗೆ ಉಚಿತವಾಗಿ ಕೊಡಲು ಶುರುಮಾಡಿತು.

2025ರ ಅಕ್ಟೋಬರಿನಲ್ಲಿ ಇದು ಬದಲಾಯಿತು. ಹೈದರಾಬಾದಿನ ನ್ಯಾಟ್ಕೋ ಕಂಪನಿ ಅದೇ ರಿಸ್ಡಿಪ್ಲಾಮ್ ತಯಾರಿಸುವುದನ್ನು ತಡೆಯಲು ಮೂಲ ಕಂಪನಿ ರೋಷ್ ಹೂಡಿದ್ದ ದಾವೆಯಲ್ಲಿ ತಡೆಯಾಜ್ಞೆ ಕೊಡಲು ದೆಹಲಿ ಹೈಕೋರ್ಟ್ ಒಪ್ಪಲಿಲ್ಲ, ಸುಪ್ರೀಂ ಕೋರ್ಟೂ ಮಧ್ಯೆ ಬರಲಿಲ್ಲ. ನ್ಯಾಟ್ಕೋ ಬಾಟಲಿಗೆ 15,900 ರೂಪಾಯಿ ಬೆಲೆ ಇಟ್ಟಿತು. 6.2 ಲಕ್ಷ ಎಲ್ಲಿ, 15,900 ಎಲ್ಲಿ! ವರ್ಷಕ್ಕೆ 5 ಲಕ್ಷದ ಹತ್ತಿರ ಇನ್ನೂ ಬೇಕು, ರೈತನ ಮನೆಗೆ ಅದೂ ಹಗುರವಲ್ಲ. ಆದರೆ ಅದು ಸರಕಾರದ ಕೈಗೆ ಎಟುಕುವ ಮೊತ್ತ. ಆ ಸುದ್ದಿ ಓದಿ ಅಕ್ಕನ ಮಗಳಿಗೆ ಫೋನು ಮಾಡಲೋ ಬೇಡವೋ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಅವಳೇ ಮಾಡಿದಳು. “ಓದಿದೆ ಚಿಕ್ಕಮ್ಮ. ಬೇರೆಯವರ ಮಕ್ಕಳಿಗಾದರೂ ಸಿಗ್ತದೆ” ಎಂದಳು. ಆಮೇಲೆ ಬಹಳ ಹೊತ್ತು ತೋಟದ ನೀರಿನ ವಿಷಯ ಮಾತಾಡಿದೆವು.

ಈ ಔಷಧಗಳೆಲ್ಲದರ ಬಗ್ಗೆ ನೆನಪಿಡಬೇಕಾದದ್ದು ಒಂದಿದೆ. ಸತ್ತ ನರಕೋಶ ಮರಳಿ ಹುಟ್ಟುವುದಿಲ್ಲ. ಉಳಿದದ್ದನ್ನು ಉಳಿಸುವುದಷ್ಟೇ ಔಷಧದ ಕೆಲಸ. ಹಾಗಾಗಿ ಲಕ್ಷಣ ಕಾಣುವ ಮುಂಚೆ, ಹುಟ್ಟಿದ ಮೊದಲ ವಾರಗಳಲ್ಲೇ ಶುರುಮಾಡಿದ ಮಕ್ಕಳಲ್ಲಿ ಎಷ್ಟೋ ಮಂದಿ ಕೂರುತ್ತಾರೆ, ನಿಲ್ಲುತ್ತಾರೆ, ನಡೆಯುತ್ತಾರೆ. ಆರು ತಿಂಗಳಿಗೆ ಶುರುಮಾಡಿದವರಿಗೆ ಅಷ್ಟು ಸಿಗುವುದಿಲ್ಲ. ಎಲ್ಲ ಶಿಶುಗಳಿಗೂ ಪರೀಕ್ಷೆ ಇಲ್ಲದ ನಾಡಿನಲ್ಲಿ ಲಕ್ಷಣಕ್ಕೆ ಮುಂಚೆಯೇ ಅನುಮಾನ ಪಡಲು ಇರುವ ಆಧಾರ ಒಂದೇ: ಈ ಮನೆಯಲ್ಲಿ ಹಿಂದೆ ಹೀಗೊಂದು ಕೂಸು ಇತ್ತು ಎಂಬ ನೆನಪು.

ಚಿನ್ನಿಯ ವರದಿ ಇದ್ದದ್ದರಿಂದಲೇ ಎರಡನೇ ಬಸಿರಿನಲ್ಲಿ ವೈದ್ಯರಿಗೆ ಏನು ಹುಡುಕಬೇಕು ಎಂದು ಗೊತ್ತಿತ್ತು. 11ರಿಂದ 13 ವಾರದ ನಡುವೆ ಮಾಸಿನ ಚೂರು ತೆಗೆದು ಪರೀಕ್ಷೆ ಮಾಡಬಹುದು. ತಪ್ಪಿದರೆ 16 ವಾರದ ಮೇಲೆ ಗರ್ಭಜಲದಿಂದ. ಭ್ರೂಣದ ಲಿಂಗ ಹೇಳುವುದನ್ನು ನಿಷೇಧಿಸುವ 1994ರ ಕಾಯ್ದೆಯೇ ಇಂಥ ಆನುವಂಶಿಕ ಕಾಯಿಲೆಗಳ ಪರೀಕ್ಷೆಗೆ ಅವಕಾಶ ಕೊಟ್ಟಿದೆ. ವರದಿ ಬರುವವರೆಗಿನ ದಿನಗಳ ಬಗ್ಗೆ ನಾನು ಬರೆಯುವುದಿಲ್ಲ. ಬೇರೆ ವರದಿ ಬಂದಿದ್ದರೆ ಏನು ಮಾಡಬೇಕೆಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು, ನಮಗ್ಯಾರಿಗೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗಂಡುಮಗು ಹುಟ್ಟಿದ. ಅವನೂ ಅಪ್ಪ ಅಮ್ಮನಂತೆ ವಾಹಕ, ಕಾಯಿಲೆ ಇಲ್ಲ. ‘ಹೋದವಳೇ ಬಂದಳು’ ಎಂದು ಯಾರೋ ಅಂದಾಗ ಅವನ ತಾಯಿ ನೇರವಾಗಿ ತಿದ್ದಿದಳು: “ಇವನು ಅವಳ ತಮ್ಮ.”

ಅವನು ದೊಡ್ಡವನಾಗಿ ಮದುವೆಯಾಗುವಾಗ ಹೆಣ್ಣಿನ ಕಡೆಯವರಿಗೆ ಅಕ್ಕನ ವಿಷಯ ಹೇಳಬೇಕು, ಹೆಂಡತಿಯಾಗುವವಳಿಗೂ ಒಂದು ರಕ್ತ ಪರೀಕ್ಷೆ ಆಗಬೇಕು. ಅದಕ್ಕಾಗಿಯಾದರೂ ಅವನಿಗೆ ಅಕ್ಕ ಇದ್ದಳು ಎಂದು ಗೊತ್ತಿರಬೇಕಲ್ಲ.

ಕೊನೆಗೆ ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ನಿಮ್ಮ ಮನೆಯಲ್ಲಿ ಎಪ್ಪತ್ತು ಎಂಬತ್ತು ದಾಟಿದ ಅಜ್ಜಿಯರಿದ್ದರೆ, ಹೋದ ಕೂಸುಗಳು ಎಷ್ಟು, ಹೆಣ್ಣೋ ಗಂಡೋ, ಎಷ್ಟು ತಿಂಗಳಿಗೆ ಹೋದವು, ಹೇಗಿದ್ದವು ಎಂದು ಈ ಭಾನುವಾರವೇ ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಈಚೆಗೆ ಕೂಸನ್ನು ಕಳೆದುಕೊಂಡ ಮನೆಯಾದರೆ ಆಸ್ಪತ್ರೆಯ ಫೈಲನ್ನು ಬಟ್ಟೆಬರೆಯ ಜೊತೆ ಸುಡಬೇಡಿ, ಹೊಳೆಗೆ ಬಿಡಬೇಡಿ. ಕಾರಣ ತಿಳಿಯದೆ ಕೂಸು ಸಾಯುವ ಹಂತದಲ್ಲಿದ್ದರೆ, ಎಷ್ಟೇ ಸಂಕಟವಿದ್ದರೂ, ಡಿಎನ್‌ಎ ತೆಗೆದಿಡಲು ಸ್ವಲ್ಪ ರಕ್ತ ಉಳಿಸಿಕೊಳ್ಳಿ ಎಂದು ವೈದ್ಯರನ್ನು ಕೇಳಿ. ಆಮೇಲೆ ಅದು ಸಿಗುವುದಿಲ್ಲ. ಕೇಂದ್ರದ ನೀತಿಯಡಿ ಕರ್ನಾಟಕಕ್ಕೆ ಇರುವ ಉತ್ಕೃಷ್ಟತಾ ಕೇಂದ್ರ ಬೆಂಗಳೂರಿನಲ್ಲಿದೆ: ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ನಡೆಸುತ್ತವೆ. ಆ ಹಾಳೆಯನ್ನೂ ಆ ಫೈಲನ್ನೂ ತೆಗೆದುಕೊಂಡು, ಮುಂದಿನ ಬಸಿರಿಗೆ ಮುಂಚೆಯೇ ಅಲ್ಲಿಗೆ ಹೋಗಿ.